ಮೂರು ಗುರುತು ಸರಿ ಕೂತರೆ ಸಾಕಾ?

ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್‌ಗೆ ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂತಾರೆ. ನಮ್ಮ ದೊಡ್ಡಮ್ಮನಿಗೆ ಕೊಡುವಾಗ ಹೊಟ್ಟೆ ಮೇಲೊಂದು, ಸೊಂಟದ ಎರಡೂ ಪಕ್ಕ ಒಂದೊಂದು ಶಾಯಿ ಗುರುತು ಹಾಕಿದ್ದರು. ಅಳಿಸಿಹೋದರೆ ಕಷ್ಟ ಅಂತ ಐದು ವಾರ ಅಲ್ಲಿ ಸೋಪು ಸೋಕಿಸಲಿಲ್ಲ ಅವರು.

ಅಷ್ಟು ಮುಖ್ಯವಾ ಆ ಗುರುತು? ಹೌದು. ರೇಡಿಯೇಷನ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಮೈಗೆ ಬೀಳುವ ಕಿರಣವನ್ನು ಅಳೆಯುವ ಮಾನ ಗ್ರೇ) ವಾರಕ್ಕೆ 5 ದಿನ, ಕೆಲವರಿಗೆ 30 ಸಲಕ್ಕೂ ಜಾಸ್ತಿ. ಆದರೆ ಕಿರಣ ಎಲ್ಲಿಗೆ ಬೀಳಬೇಕು ಅನ್ನುವ ಲೆಕ್ಕ ಹಾಕುವುದು ಶುರುವಿನಲ್ಲಿ ತೆಗೆದ ಸಿಟಿ ಸ್ಕ್ಯಾನ್ ನೋಡಿ. ಅವತ್ತು ಹೇಗೆ ಮಲಗಿದ್ದರೋ ದಿನಾ ಹಾಗೇ ಮಲಗಬೇಕು, ಅದೂ ಮಿಲಿಮೀಟರ್ ಲೆಕ್ಕದಲ್ಲಿ. ಕೋಣೆಯ ಎರಡು ಪಕ್ಕದಿಂದ, ಮೇಲಿನಿಂದ ಲೇಸರ್ ಗೆರೆಗಳು ಬೀಳುತ್ತವೆ, ಅವು ಕೂಡುವ ಬಿಂದುವಿನ ಸುತ್ತಲೇ ಯಂತ್ರ ತಿರುಗುವುದು. ಗೆರೆ ಗುರುತಿನ ಮೇಲೆ ಕೂತಿತೋ, ಟೆಕ್ನಿಷಿಯನ್ ಹೊರಗೆ ಹೋಗಿ ಬಾಗಿಲು ಹಾಕುತ್ತಾರೆ.

ತೊಂದರೆ ಇರುವುದೇ ಇಲ್ಲಿ. ಮೈ ಏನು ಮರದ ಪೆಟ್ಟಿಗೆಯಾ? ಮೂರು ಗುರುತು ಸರಿ ಇದ್ದೂ ಗದ್ದ ಒಂಚೂರು ಮೇಲೆದ್ದಿರಬಹುದು, ಭುಜ ತಿರುಚಿರಬಹುದು, ಸ್ತನ ಕ್ಯಾನ್ಸರ್ ಆದವರು ತಲೆ ಮೇಲೆ ಎತ್ತಿಟ್ಟ ಕೈ ನಿನ್ನೆಗಿಂತ ಅಗಲಕ್ಕೆ ಹೋಗಿರಬಹುದು.

2016ರಲ್ಲಿ ಮಕ್ಕಳೆಲ್ಲ ಮೊಬೈಲ್ ಹಿಡಿದು ಬೀದಿಯಲ್ಲಿ ಪೋಕೆಮಾನ್ ಹುಡುಕುತ್ತಿದ್ದರಲ್ವಾ? ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದ ಮೇಲೆ ಇಲ್ಲದ ಚಿತ್ರ ಕೂರಿಸುವ ಅದೇ ಆಗ್ಮೆಂಟೆಡ್ ರಿಯಾಲಿಟಿಯನ್ನು ಅದಕ್ಕೂ ಮೊದಲೇ, 2009ರಲ್ಲಿ, ನ್ಯೂಜಿಲೆಂಡ್‌ನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರು ಈ ಕೆಲಸಕ್ಕೆ ಹಚ್ಚಿ ಪ್ರಬಂಧ ಪ್ರಕಟಿಸಿದ್ದರು. ಸಿಟಿ ಸ್ಕ್ಯಾನ್‌ನಿಂದ ರೋಗಿಯ ಮೈಯ ಹೊರ ಆಕಾರ ತೆಗೆದು, ಮಲಗಿರುವ ರೋಗಿಯ ಲೈವ್ ವಿಡಿಯೋ ಮೇಲೆ ಅದನ್ನು ಹಾಸುವುದು. ಅವತ್ತಿನ ಮೈ ನೆರಳಿನ ಹಾಗೆ ಇವತ್ತಿನ ಮೈ ಮೇಲೆ ಕೂರುತ್ತದೆ. ಎಲ್ಲಿ ಹೊಂದುತ್ತಿಲ್ಲ ಅಂತ ಕಣ್ಣಿಗೇ ಕಾಣುತ್ತದೆ.

ನೆರಳು ಎಲ್ಲಿ ಕೂರಬೇಕು ಅಂತ ಕಂಪ್ಯೂಟರ್‌ಗೆ ಗೊತ್ತಾಗಬೇಕಲ್ಲ? ಅದಕ್ಕೊಂದು ದಾರಿ ಇದೆ. ಕಪ್ಪು-ಬಿಳುಪು ಗುರುತು ಅಂಟಿಸಿದ ಚೌಕ ಡಬ್ಬಿಯನ್ನು ಲೇಸರ್ ಗೆರೆಗಳು ಕೂಡುವ ಜಾಗಕ್ಕೆ ಸರಿಯಾಗಿ ಇಟ್ಟು ಕ್ಯಾಮೆರಾಕ್ಕೆ ತೋರಿಸುವುದು. ಕೋಣೆಯ ಅಳತೆ ಆಮೇಲೆ ಕ್ಯಾಮೆರಾಕ್ಕೆ ಬಾಯಿಪಾಠ.

ಮೈಯ ಆಕಾರ ಅಳೆದು ‘ಇಷ್ಟು ಮಿಲಿಮೀಟರ್ ಎಡಕ್ಕೆ’ ಅಂತ ಅಂಕಿಯಲ್ಲೇ ಹೇಳುವ ಕ್ಯಾಮೆರಾಗಳು ಈಗ ಎಷ್ಟೋ ಆಸ್ಪತ್ರೆಗಳಲ್ಲಿವೆ. ಲಂಡನ್‌ನ ವಿಷನ್ ಆರ್‌ಟಿ, ಸ್ವೀಡನ್‌ನ ಸಿ-ರಾಡ್ ಕಂಪನಿಗಳು ಮಾಡುವುದು ಇವನ್ನೇ. ಆದರೂ ಕಣ್ಣಿಗೆ ಕಾಣುವ ಚಿತ್ರವೇ ನನಗೆ ಇಷ್ಟ. ಅಂಕಿ ನೋಡಿ ಮಂಚ ಸರಿಸಬಹುದು, ಆದರೆ ಮಂಚ ಸರಿಸಿದರೆ ಇಡೀ ಮೈ ಸರಿಯುತ್ತದೆಯೇ ಹೊರತು ತಿರುಚಿದ ಭುಜ ನೆಟ್ಟಗಾಗುವುದಿಲ್ಲ. ‘ಅಮ್ಮಾ, ಎಡಗೈ ಸ್ವಲ್ಪ ಒಳಗೆ ತನ್ನಿ’ ಅಂತ ಹೇಳಬೇಕಾದರೆ ಟೆಕ್ನಿಷಿಯನ್‌ಗೆ ಆ ಕೈ ಕಾಣಬೇಕು.

ಇಂಥ ಚಿತ್ರವನ್ನು ಕಣ್ಣೆದುರೇ ತೋರಿಸುವ ಹೊಲೊಲೆನ್ಸ್‌ನಂಥ ಕನ್ನಡಕ ಹಾಕಿಕೊಂಡು ನೋಡುವ ಪ್ರಯೋಗಗಳೂ ಆಗಿವೆ. ಎರಡೂ ಕೈ ಖಾಲಿ, ಅದೊಂದು ಅನುಕೂಲ. ಆದರೆ ಹಾಕಿಕೊಂಡವರು ಓಡಾಡಿದ ಹಾಗೆ ಚಿತ್ರ ಕೆಲವು ಮಿಲಿಮೀಟರ್ ಜಾರುವುದುಂಟು, ಇಲ್ಲಿ ಅಷ್ಟು ಜಾರಿದರೂ ಜಾಸ್ತಿಯೇ. ಸಾಲದ್ದಕ್ಕೆ 2024ರಲ್ಲಿ ಮೈಕ್ರೋಸಾಫ್ಟ್ ಹೊಲೊಲೆನ್ಸ್ 2 ತಯಾರಿಸುವುದನ್ನೇ ನಿಲ್ಲಿಸಿತು.

ಇನ್ನೊಂದು ವಿಷಯ. ಇವೆಲ್ಲ ನೋಡುವುದು ಬರೀ ಚರ್ಮವನ್ನು. ದೊಡ್ಡಮ್ಮನಿಗೆ ದಿನಾ ಒಳಗೆ ಹೋಗುವ ಮುಂಚೆ ಅಳತೆ ನೀರು ಕುಡಿದು ಕಾಯಲು ಹೇಳುತ್ತಿದ್ದರು. ಮೂತ್ರಕೋಶ ತುಂಬಿದಷ್ಟೂ ಒಳಗಿನ ಅಂಗಗಳು ಜಾಗ ಬದಲಿಸುತ್ತವೆ, ಹೊರಗಿನ ಮೈ ಮಾತ್ರ ನಿನ್ನೆಯಂತೆಯೇ ಇರುತ್ತದೆ. ಅದನ್ನು ನೋಡಲು ಯಂತ್ರದಲ್ಲೇ ಇರುವ ಸಿಟಿಯಿಂದ ಇನ್ನೊಮ್ಮೆ ಚಿತ್ರ ತೆಗೆಯಬೇಕು.