ಮುಖ ನೋಡಿ ಮಣೆ ಹಾಕುವ ವಿದ್ಯೆ

ಹೊಸನಗರದ ಕಡೆಯ ಹಳ್ಳಿಯೊಂದರಿಂದ ಬಂದು ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಕೆಲಸದ ಸಂದರ್ಶನಕ್ಕೆ ಕುಳಿತಾಗ ಎದುರಿಗೆ ಮನುಷ್ಯರು ಯಾರೂ ಇರಲಿಲ್ಲ. ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದೊಂದಾಗಿ ಪ್ರಶ್ನೆಗಳು ಮೂಡುತ್ತಿದ್ದವು, ಅವಳು ಕ್ಯಾಮೆರಾ ನೋಡಿ ಉತ್ತರಿಸುತ್ತಿದ್ದಳು. ನಾಲ್ಕು ದಿನಗಳ ನಂತರ ಬಂದ ವರದಿಯಲ್ಲಿ ಉತ್ತರಗಳಿಗೆ ಒಳ್ಳೆಯ ಅಂಕಗಳೇ ಇದ್ದವು. ‘ಉತ್ಸಾಹ’ ಎಂಬ ಅಂಕಣದಲ್ಲಿ ಮಾತ್ರ ಕಡಿಮೆ. ಹಿರಿಯರೆದುರು ಹಲ್ಲು ಬಿಟ್ಟುಕೊಂಡು ಮಾತಾಡಬಾರದೆಂದು ಹೇಳಿಸಿಕೊಂಡು ಬೆಳೆದ ಹುಡುಗಿಯ ಮುಖದಲ್ಲಿ ಆ ತಂತ್ರಾಂಶ ಉತ್ಸಾಹವನ್ನು ಹುಡುಕಿದೆ, ಅದಕ್ಕೆ ಸಿಕ್ಕಿಲ್ಲ.

ಮುಖ ನೋಡಿ ಮಣೆ ಹಾಕುತ್ತಾರೆ ಎಂಬ ಮಾತನ್ನು ನಾವು ದೂರುವುದಕ್ಕಷ್ಟೇ ಬಳಸುತ್ತೇವೆ. ಆದರೆ ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ಅಳೆಯುತ್ತಾರೆ ಎಂಬುದು ಒಂದೂವರೆ ಶತಮಾನದಿಂದ ವಿಜ್ಞಾನದ ವಿಷಯವೂ ಆಗಿದೆ. ಇದರಲ್ಲಿ ಎರಡು ಎಳೆಗಳಿವೆ. ಮುಖದಿಂದ ಭಾವವನ್ನು ಓದಬಹುದೇ ಎಂಬುದು ಒಂದು. ಜನರನ್ನು ಗುಂಪು ಗುಂಪಾಗಿ ವಿಂಗಡಿಸಿ ಗುಂಪಿನ ಗುಣವನ್ನು ಪ್ರತಿಯೊಬ್ಬರಿಗೂ ಅಂಟಿಸುವುದು ಹೇಗೆ ನಡೆಯುತ್ತದೆ ಎಂಬುದು ಇನ್ನೊಂದು. ಬಹುಕಾಲ ಬೇರೆ ಬೇರೆಯಾಗಿಯೇ ಹರಿದ ಈ ಎಳೆಗಳು ಈಗ ಸಂದರ್ಶನದ ತಂತ್ರಾಂಶದಂಥ ಯಂತ್ರಗಳಲ್ಲಿ ಬಂದು ಗಂಟು ಬಿದ್ದಿವೆ.

ಎರಡನೆಯ ಎಳೆಯಿಂದಲೇ ಆರಂಭಿಸುವುದು ಸುಲಭ, ಏಕೆಂದರೆ ಅದರ ಹೆಸರು ನಮಗೆ ಪರಿಚಯವಿರುವ ಕಸುಬಿನಿಂದ ಬಂದಿದೆ. ಸ್ಟೀರಿಯೋಟೈಪ್ ಎಂಬುದು ಮೂಲತಃ ಮುದ್ರಣಾಲಯದ ಮಾತು. ಜೋಡಿಸಿದ ಮೊಳೆಗಳ ಪುಟದ ಮೇಲೆ ಒದ್ದೆ ಕಾಗದದ ಪದರವನ್ನು ಒತ್ತಿ ಅಚ್ಚು ತೆಗೆದು, ಅದಕ್ಕೆ ಕರಗಿದ ಸೀಸವನ್ನು ಹೊಯ್ದರೆ ಇಡೀ ಪುಟ ಒಂದೇ ಫಲಕವಾಗುತ್ತದೆ; ಆಮೇಲೆ ಒಂದಕ್ಷರ ತಪ್ಪಿದ್ದು ಕಂಡರೂ ಆ ಒಂದು ಮೊಳೆಯನ್ನು ಕಿತ್ತು ಬದಲಿಸುವಂತಿಲ್ಲ. ಕನ್ನಡದಲ್ಲಿ ಇದಕ್ಕೆ ಪಡಿಯಚ್ಚು ಎನ್ನಬಹುದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್ಮನ್ 1922ರಲ್ಲಿ ಈ ಪದವನ್ನು ಮುದ್ರಣಾಲಯದಿಂದ ಎತ್ತಿ ಮನಸ್ಸಿಗೆ ಅನ್ವಯಿಸಿದರು. 1933ರಲ್ಲಿ ಕಾಟ್ಜ್ ಮತ್ತು ಬ್ರೇಲಿ ಎಂಬ ಇಬ್ಬರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳಿಗೆ 84 ಗುಣವಾಚಕಗಳ ಪಟ್ಟಿ ಕೊಟ್ಟು, ಯಾವ ಜನಾಂಗಕ್ಕೆ ಯಾವುದು ಒಪ್ಪುತ್ತದೆಂದು ಕೇಳಿದರು. ಗುಂಪುಗಳು ಹತ್ತು. ಅವುಗಳಲ್ಲಿ ಕೆಲವಕ್ಕೆ ಸೇರಿದವರನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡಿರಲಿಲ್ಲ, ಆದರೂ ಉತ್ತರಗಳು ಒಂದಕ್ಕೊಂದು ಹೊಂದಿಕೊಂಡವು.

1946ರಲ್ಲಿ ಸಾಲಮನ್ ಆಶ್ ನಡೆಸಿದ ಪ್ರಯೋಗವನ್ನು ಪಾಠ ಮಾಡುವಾಗ ನಾನು ಪ್ರತಿವರ್ಷ ಎಡವುತ್ತೇನೆ. ಒಬ್ಬ ಅಪರಿಚಿತನ ಏಳು ಗುಣಗಳ ಪಟ್ಟಿಯಲ್ಲಿ ಒಂದೇ ಒಂದು ಪದವನ್ನು, ಅಂದರೆ ಇಂಗ್ಲಿಷಿನಲ್ಲಿ ‘ಬೆಚ್ಚಗಿನ’ ಎಂಬರ್ಥದ್ದನ್ನು ತೆಗೆದು ‘ತಣ್ಣಗಿನ’ ಎಂಬರ್ಥದ್ದನ್ನು ಇಟ್ಟರೆ, ಓದಿದವರ ಕಣ್ಣಲ್ಲಿ ಆ ಮನುಷ್ಯನೇ ಬದಲಾಗಿಬಿಡುತ್ತಾನೆ ಎಂಬುದು ಅದರ ತಿರುಳು. ಆದರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ನಾಡಿನ ಮಕ್ಕಳಿಗೆ ತಣ್ಣಗಿನ ಮನುಷ್ಯ ಕೆಟ್ಟವನಾಗಿ ಕಾಣುವುದಿಲ್ಲ. ಆತ್ಮೀಯ, ಬಿಗುಮಾನದ ಎಂದು ಪದ ಬದಲಿಸಿಕೊಂಡ ಮೇಲೆಯೇ ಪ್ರಯೋಗ ಅವರಿಗೆ ಅರ್ಥವಾಗುತ್ತದೆ. ಈ ಆತ್ಮೀಯತೆ ಮತ್ತು ಸಾಮರ್ಥ್ಯ ಎಂಬ ಎರಡು ಅಳತೆಗೋಲುಗಳಲ್ಲೇ ಗುಂಪುಗಳ ಕುರಿತ ಬಹುಪಾಲು ಪಡಿಯಚ್ಚುಗಳನ್ನು ಗುರುತಿಸಬಹುದೆಂದು ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಪೇಟೆಯವರು ಚುರುಕು ಆದರೆ ನಂಬುವಂತಿಲ್ಲ, ಹಳ್ಳಿಯವರು ಒಳ್ಳೆಯವರು ಆದರೆ ಏನೂ ತಿಳಿಯದು ಎಂಬ ನಮ್ಮ ಮಾತುಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಭಾರತದಲ್ಲಿ ಮನಃಶಾಸ್ತ್ರದ ಬೋಧನೆ ಕಲ್ಕತ್ತೆಯಲ್ಲಿ ಬೇರುಬಿಟ್ಟ ಕೆಲವೇ ವರ್ಷಗಳಲ್ಲಿ, 1924ರಲ್ಲಿ, ಮೈಸೂರಿನಲ್ಲೂ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನಸ್ಸನ್ನು ಕಲಿಸುವ ಮೇಷ್ಟರು ಮುಖ ಕಾಣಿಸದ ದನಿಯ ಬೆನ್ನು ಹತ್ತಿದ್ದು ನನಗೆ ಇಂದಿಗೂ ಸೋಜಿಗ.

ಪಡಿಯಚ್ಚು ಗಟ್ಟಿ ಸೀಸವೇನಲ್ಲ, ಕಾಲದ ಬಿಸಿಗೆ ಕರಗಿ ಬೇರೆ ರೂಪ ತಾಳುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಭಾರತದಲ್ಲಿಯೇ. ಎ.ಕೆ.ಪಿ. ಸಿನ್ಹಾ ಮತ್ತು ಒ.ಪಿ. ಉಪಾಧ್ಯಾಯ ಅವರು 1959ರ ಫೆಬ್ರವರಿಯಲ್ಲಿ ಪಾಟ್ನಾದ ವಿದ್ಯಾರ್ಥಿಗಳನ್ನು ಕೇಳಿದಾಗ ಚೀನೀಯರು ಸ್ನೇಹಪರರು, ಪ್ರಾಮಾಣಿಕರು, ಧೈರ್ಯವಂತರು ಎಂಬ ಉತ್ತರಗಳು ಬಂದವು. ಗಡಿಯ ಜಗಳ ಬಹಿರಂಗವಾದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಕೇಳಿದರೆ ಆಕ್ರಮಣಕಾರರು, ಮೋಸಗಾರರು, ಕ್ರೂರಿಗಳು. ನಡುವೆ ಕಳೆದದ್ದು ಹತ್ತು ತಿಂಗಳು. ಅಷ್ಟರಲ್ಲಿ ಆ ವಿದ್ಯಾರ್ಥಿಗಳು ಚೀನೀಯರನ್ನು ಹೊಸದಾಗಿ ಭೇಟಿಯಾಗಿರುವ ಸಂಭವ ಕಡಿಮೆ, ಪತ್ರಿಕೆಗಳನ್ನು ಮಾತ್ರ ಓದಿದ್ದರು.

ಎಲ್ಲ ಹಣೆಪಟ್ಟಿಗಳೂ ಇಷ್ಟು ಬೇಗ ಅಳಿಸಿಹೋಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಶರಾವತಿಯ ಹಿನ್ನೀರಿಗೆ ಮನೆ, ತೋಟ ಬಿಟ್ಟು ಶಿವಮೊಗ್ಗ ಸುತ್ತಲಿನ ಹಳ್ಳಿಗಳಿಗೆ ಬಂದವರನ್ನು ಜನ ‘ಮುಳುಗಡೆಯವರು’ ಎಂದರು. ಆ ಊರುಗಳಲ್ಲೇ ಹುಟ್ಟಿದ ಮೊಮ್ಮಕ್ಕಳಿಗೂ ಆ ಹೆಸರು ಅಂಟಿಕೊಂಡಿದೆ. ಹೆಸರು ಬಾಯಿಂದ ಬಿದ್ದ ಕ್ಷಣವೇ ಏನಾಗಬಹುದೆಂಬುದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನ 642 ಹುಡುಗರಲ್ಲಿ ನೋಡಿದರು. ಅರ್ಧದಷ್ಟು ಮೇಲ್ಜಾತಿಯವರು, ಅರ್ಧದಷ್ಟು ಕೆಳಜಾತಿಯವರು. ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ಒಗಟುಗಳಿಗೆ ದಾರಿ ಹುಡುಕುವುದು ಅವರ ಕೆಲಸ. ಜಾತಿಯ ಪ್ರಸ್ತಾಪವೇ ಇಲ್ಲದಾಗ ಎರಡೂ ಗುಂಪುಗಳು ಸಮಸಮ. ಪ್ರತಿಯೊಬ್ಬನ ಹೆಸರು, ಅಪ್ಪ ಅಜ್ಜಂದಿರ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಕುಸಿಯಿತು. ಈ ವರದಿ ಬಂದದ್ದು 2004ರಲ್ಲಿ. ಮೂರು ವರ್ಷಗಳ ನಂತರ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್, ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಕಳಿಸಿ ನೋಡಿದ ಫಲಿತಾಂಶ ಪ್ರಕಟಿಸಿದರು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆಯ ಅನುಪಾತ 0.67, ಮುಸ್ಲಿಂ ಹೆಸರಿಗೆ 0.33. ಅಲ್ಲಿ ಮುಖವನ್ನು ಯಾರೂ ನೋಡಿರಲಿಲ್ಲ, ಹೆಸರು ನೋಡಿಯೇ ಮಣೆ ಹಾಕಿದ್ದರು.

ಇನ್ನು ಮುಖದ ಎಳೆ. ಚಾರ್ಲ್ಸ್ ಡಾರ್ವಿನ್ 1867ರಲ್ಲಿ ಹದಿನಾರು ಪ್ರಶ್ನೆಗಳ ಪತ್ರವನ್ನು ಬೇರೆ ಬೇರೆ ಖಂಡಗಳಲ್ಲಿದ್ದ ಪರಿಚಿತರಿಗೆ ಕಳಿಸಿ, ನಿಮ್ಮ ಸುತ್ತಲಿನ ಜನ ಅಚ್ಚರಿಯಾದರೆ ಕಣ್ಣರಳಿಸುತ್ತಾರೆಯೇ, ನಾಚಿದರೆ ಕೆಂಪಾಗುತ್ತಾರೆಯೇ ಎಂದು ವಿಚಾರಿಸಿದರು. ಬಂದ 36 ಉತ್ತರಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಿಂದ ಬಂದದ್ದೂ ಇತ್ತು. ಭಾವಗಳ ಮುಖಚರ್ಯೆ ಮನುಷ್ಯರೆಲ್ಲರಲ್ಲಿ ಬಹುಮಟ್ಟಿಗೆ ಒಂದೇ ಎಂದು 1872ರಲ್ಲಿ ಅವರು ಬರೆದರು. ಬಳಿಕ ಸುಮಾರು ತೊಂಬತ್ತು ವರ್ಷ ಈ ವಿಚಾರ ಏರುತ್ತ ಇಳಿಯುತ್ತ ಸಾಗಿತು.

1960ರ ದಶಕದ ಕೊನೆಯಲ್ಲಿ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಹೊರಜಗತ್ತಿನ ಸಂಪರ್ಕ ತೀರಾ ಕಡಿಮೆಯಿದ್ದ ಫೋರೆ ಜನರ ಬಳಿಗೆ ಹೋದರು. ವಿಧಾನ ಸರಳ. ‘ಇವನ ಮಗು ಸತ್ತಿದೆ’ ಎಂಬಂಥ ಪುಟ್ಟ ಕಥೆ ಹೇಳಿ, ಹಿರಿಯರಾದರೆ ಮೂರು, ಮಕ್ಕಳಾದರೆ ಎರಡು ಫೋಟೊಗಳನ್ನು ಮುಂದಿಟ್ಟು, ಇವುಗಳಲ್ಲಿ ಅವನ ಮುಖ ಯಾವುದು ಎಂದು ಕೇಳುವುದು. 1971ರಲ್ಲಿ ಪ್ರಕಟವಾದ ವರದಿಯಲ್ಲಿ 189 ಹಿರಿಯರು, 130 ಮಕ್ಕಳು. ಬಹುಪಾಲು ಆಯ್ಕೆಗಳು ಅಮೆರಿಕನ್ನರ ಆಯ್ಕೆಗೆ ಹೊಂದಿದವು. ಭಯ ಮತ್ತು ಅಚ್ಚರಿಯ ಮುಖಗಳನ್ನು ಮಾತ್ರ ಹಿರಿಯರು ಬೇರೆ ಮಾಡಲಿಲ್ಲ. ಸಂತೋಷ, ದುಃಖ, ಕೋಪ, ಭಯ, ಜಿಗುಪ್ಸೆ, ವಿಸ್ಮಯ ಎಂಬ ಆರು ಮೂಲಭಾವಗಳು ಅಲ್ಲಿಂದ ಪಠ್ಯಪುಸ್ತಕಗಳಿಗೆ ಸೇರಿದವು.

ಭರತನ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಈ ಪಟ್ಟಿ ಹೊಸತೆನಿಸದು. ಅಲ್ಲಿನ ಎಂಟು ಸ್ಥಾಯಿಭಾವಗಳಲ್ಲಿ, ಅಂದರೆ ನೆಲೆನಿಲ್ಲುವ ಮೂಲಭಾವಗಳಲ್ಲಿ, ಆರು ಇಲ್ಲಿಯೂ ಇವೆ. ಬಿಟ್ಟುಹೋಗಿರುವುದು ರತಿ ಮತ್ತು ಉತ್ಸಾಹ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಎದೆಯುಬ್ಬಿಸಲು ಇದನ್ನು ಹೇಳುತ್ತಿಲ್ಲ, ಭರತ ಹೇಳುವುದು ನಟನ ಕಲೆಯನ್ನು, ಬೀದಿಯ ಮನುಷ್ಯನನ್ನಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕಾದ್ದು. ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದರೆ ಮಾತ್ರ ರಸ ಎನ್ನುತ್ತದೆ ಆ ಶಾಸ್ತ್ರ. ಎಂದರೆ ಕಾರಣ, ಸನ್ನಿವೇಶ, ಮೈಯ ಚಲನೆ, ನಡುವೆ ಬಂದು ಹೋಗುವ ಸಣ್ಣ ಭಾವಗಳು ಎಲ್ಲವೂ ಬೇಕು. ಸಾಗರದ ಕಡೆಯ ಯಕ್ಷಗಾನದಲ್ಲಿ ತೆರೆಯ ಹಿಂದಿನಿಂದ ಬಣ್ಣದ ವೇಷ ಕಣ್ಣು ಕಿಸಿದು, ಬಾಯಿ ತೆರೆದು ಹೊರಬರುವುದನ್ನು ನೋಡಿದ ಯಾವ ಮಗುವೂ ರಾಕ್ಷಸ ಹೆದರಿದ್ದಾನೆ ಎಂದುಕೊಳ್ಳುವುದಿಲ್ಲ, ಹೆದರುವುದು ಮಗು. ಆ ಮುಖವನ್ನಷ್ಟೇ ಕತ್ತರಿಸಿ ಫೋಟೊ ಮಾಡಿದರೆ ಎಕ್ಮನ್ ಅವರ ‘ಭಯ’ಕ್ಕೆ ಬಹಳ ದೂರವೇನೂ ಉಳಿಯದು. ಕ್ರಿವೆಲ್ಲಿ ಮತ್ತು ಸಂಗಡಿಗರು 2016ರಲ್ಲಿ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಕಂಡದ್ದೂ ಇದನ್ನೇ: ಪಾಶ್ಚಾತ್ಯರು ಭಯ ಎನ್ನುವ ಮುಖವನ್ನು ಅಲ್ಲಿನ ಹದಿಹರೆಯದವರು ಬೆದರಿಸುವ ಮುಖ ಎಂದರು.

ಉತ್ತರಗಳ ಪಟ್ಟಿಯನ್ನು ಮೊದಲೇ ಕೊಟ್ಟು ಆರಿಸಿ ಎನ್ನುವುದರಲ್ಲೇ ದೋಷವಿದೆಯೆಂದು ಜೇಮ್ಸ್ ರಸೆಲ್ 1994ರಲ್ಲಿ ವಾದಿಸಿದ್ದರು. ಇದನ್ನು ತಿಳಿಸಲೆಂದು ನಾನು ವಿದ್ಯಾರ್ಥಿಗಳ ಕೈಗೆ ಅಂಥ ಆರು ಫೋಟೊಗಳನ್ನು ಕೊಟ್ಟು, ಪಟ್ಟಿ ಕೊಡದೆ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎನ್ನುವುದುಂಟು. ತೀರ್ಥಹಳ್ಳಿಯ ಕಡೆಯ ಅಜ್ಜಿಯೊಬ್ಬರು ಅಚ್ಚರಿಯ ಮುಖವನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, “ಯಾರೋ ಬಂದಾರೆ ಅಂತ ಬಾಗ್ಲಕಡೆ ನೋಡ್ತಿದಾಳೆ” ಎಂದರಂತೆ. ದುಃಖದ ಮುಖಕ್ಕೆ, “ಇದು ಯಾರ ಮನೆ ಹುಡುಗ? ಊಟ ಆಗಿಲ್ವೇನೋ.” ಅವರು ಭಾವದ ಹೆಸರನ್ನೇ ಎತ್ತಲಿಲ್ಲ, ಸನ್ನಿವೇಶವನ್ನು ಕಟ್ಟಿದರು. ನಮೀಬಿಯಾದ ಹಿಂಬಾ ಜನರಿಗೆ ಫೋಟೊಗಳನ್ನು ಕೊಟ್ಟು ತಮಗೆ ತೋಚಿದಂತೆ ಗುಂಪು ಮಾಡಲು ಹೇಳಿ, ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ‘ನಗುತ್ತಿದ್ದಾನೆ’, ‘ನೋಡುತ್ತಿದ್ದಾನೆ’ ಎಂಬಂಥ ಕ್ರಿಯೆಯ ಮಾತುಗಳೇ ಹೆಚ್ಚು ಬಂದಿದ್ದವು. ಬ್ಯಾರೆಟ್ ಮತ್ತು ನಾಲ್ವರು ಸಂಶೋಧಕರು, ಪರಸ್ಪರ ಭಿನ್ನಾಭಿಪ್ರಾಯವಿದ್ದವರೇ ಸೇರಿ, ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಪರಿಶೀಲಿಸಿ 2019ರಲ್ಲಿ ಹೇಳಿದ್ದು ಇಷ್ಟು: ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದುಂಟು, ಆದರೆ ಸಿಟ್ಟಿನ ಹೆಚ್ಚಿನ ಸಂದರ್ಭಗಳಲ್ಲಿ ಗಂಟಿಕ್ಕುವುದಿಲ್ಲ, ಸಿಟ್ಟಿಲ್ಲದೆಯೂ ಗಂಟಿಕ್ಕುತ್ತಾರೆ. ಎಕ್ಮನ್ ಪಕ್ಷದವರು ಇದನ್ನು ಪೂರ್ತಿ ಒಪ್ಪಿಲ್ಲ, ವಾದ ನಡೆದೇ ಇದೆ.

ಇದೇ ಹೊತ್ತಿಗೆ ಇಡೀ ಮನಃಶಾಸ್ತ್ರವೇ ತನ್ನ ಕಾಲಬುಡ ನೋಡಿಕೊಳ್ಳಬೇಕಾಗಿ ಬಂತು. ಹಳೆಯ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ 2015ರ ಸಾಮೂಹಿಕ ಯತ್ನದಲ್ಲಿ ಶೇ 36ರಷ್ಟರಲ್ಲಿ ಮಾತ್ರ ಸಂಖ್ಯಾಶಾಸ್ತ್ರದ ಪ್ರಕಾರ ನಿಲ್ಲುವ ಫಲಿತಾಂಶ ದೊರೆಯಿತು. ಅರಿವಿಲ್ಲದ ಪೂರ್ವಗ್ರಹವನ್ನು ಗುಂಡಿ ಒತ್ತುವ ವೇಗದಿಂದ ಅಳೆಯುವ 1998ರ ಹೆಸರಾಂತ ಪರೀಕ್ಷೆಯೂ, ಒಬ್ಬ ವ್ಯಕ್ತಿಯ ನಡತೆಯನ್ನು ಮುಂಗಾಣುವಷ್ಟು ಗಟ್ಟಿಯಲ್ಲ ಎಂಬ ಟೀಕೆಗೆ ಒಳಗಾಯಿತು.

ಪ್ರಯೋಗಶಾಲೆಯಲ್ಲಿ ಅನುಮಾನ ಬೆಳೆಯುತ್ತಿದ್ದ ಕಾಲದಲ್ಲಿಯೇ ಮಾರುಕಟ್ಟೆಯಲ್ಲಿ ವಿಶ್ವಾಸ ಬೆಳೆಯಿತೆಂಬುದು ಈ ಕಥೆಯ ವಿಚಿತ್ರ. ಆರು ಭಾವಗಳ ಪಟ್ಟಿ ತಂತ್ರಾಂಶ ಬರೆಯುವವರಿಗೆ ಹೇಳಿ ಮಾಡಿಸಿದಂತಿತ್ತು. ಅಮೆರಿಕದ ಸಂದರ್ಶನ ತಂತ್ರಾಂಶದ ದೊಡ್ಡ ಕಂಪನಿಯೊಂದು ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಪ್ರಕಟಿಸಿತು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಭಾವ ಗುರುತಿಸುವ ಸೇವೆಯನ್ನು ನಿಲ್ಲಿಸುವುದಾಗಿ ಹೇಳಿತು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯ ಪ್ರಕಾರ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, ಕೆಲಸದ ಸ್ಥಳಗಳಲ್ಲಿ ಹಾಗೂ ಶಾಲಾ ಕಾಲೇಜುಗಳಲ್ಲಿ ಭಾವನೆ ಊಹಿಸುವ ಯಂತ್ರಗಳಿಗೆ 2025ರ ಫೆಬ್ರವರಿ 2ರಿಂದ ನಿಷೇಧವಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಇಂಥ ತಂತ್ರಾಂಶಕ್ಕೆ ಅದರಲ್ಲಿ ಪ್ರತ್ಯೇಕ ನಿಷೇಧವಿಲ್ಲ.

ಆ ವಿದ್ಯಾರ್ಥಿನಿ ಈ ವರ್ಷ ತರಬೇತಿ ಕೇಂದ್ರವೊಂದಕ್ಕೆ ಸೇರಿದಳು. ಮಾತಿಗೆ ಮೊದಲು ಹುಬ್ಬು ತುಸು ಎತ್ತಬೇಕು, ಮೇಲಿನ ಹಲ್ಲು ಕಾಣಬೇಕು, ಮನಸ್ಸಿನಲ್ಲೇ ಮೂರು ಎಣಿಸಬೇಕು ಎಂದು ಅಲ್ಲಿ ಹೇಳಿಕೊಟ್ಟರಂತೆ. ಎರಡನೆಯ ಸಂದರ್ಶನದಲ್ಲಿ ಪ್ರಶ್ನೆಗಳು ಹೆಚ್ಚುಕಡಿಮೆ ಮೊದಲಿನವೇ, ಅವಳು ಕೊಟ್ಟ ಉತ್ತರಗಳೂ ಅವೇ. ಉತ್ಸಾಹದ ಅಂಕಣದಲ್ಲಿ ಈ ಬಾರಿ ಹತ್ತಕ್ಕೆ ಎಂಟು ಬಂದಿದೆ.