ಎಕರೆ ಲೆಕ್ಕದ ನೆರವು

ಸರ್ಕಾರ ರೈತರಿಗೆ ಕೊಡುವ ಹಣ ಸಣ್ಣ ಹಿಡುವಳಿಯನ್ನು ಉಳಿಸುತ್ತದೆಯೋ ದೊಡ್ಡ ಹಿಡುವಳಿಯನ್ನು ಕೊಬ್ಬಿಸುತ್ತದೆಯೋ ಎಂಬ ಜಗಳಕ್ಕೆ ತೊಂಬತ್ತು ವರ್ಷ ದಾಟಿದೆ. ಹಣ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದನ್ನು ಯಾವ ಲೆಕ್ಕದಲ್ಲಿ ಹಂಚುತ್ತಾರೆಂದು ಕೇಳುವವರು ಕಡಿಮೆ.

1933ರ ಅಮೆರಿಕದಿಂದ ಹೊರಡೋಣ. ಆರ್ಥಿಕ ಮಹಾಕುಸಿತದಲ್ಲಿ ಹತ್ತಿ, ಮೆಕ್ಕೆಜೋಳದ ಧಾರಣೆ ನೆಲಕಚ್ಚಿತ್ತು. ಆ ಮೇ ತಿಂಗಳಲ್ಲಿ ಬಂದ ಕೃಷಿ ಹೊಂದಾಣಿಕೆ ಕಾಯ್ದೆ, ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆಂದು ನಂಬಿ ಬೆಳೆಯದಿರುವುದಕ್ಕೇ ದುಡ್ಡು ಕೊಟ್ಟಿತು. ಅಷ್ಟರಲ್ಲಿ ಹತ್ತಿ ಹೊಲದಲ್ಲಿ ಎದ್ದು ನಿಂತಿತ್ತು. ಸುಮಾರು 1 ಕೋಟಿ ಎಕರೆ ಪೈರನ್ನು ಉತ್ತು ಮಣ್ಣಿಗೆ ಸೇರಿಸಿದರು. ಗಿಡ ತುಳಿಯದೆ ಸಾಲಿನ ನಡುವೆ ನಡೆಯಲು ಪಳಗಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಒಪ್ಪಲಿಲ್ಲವೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಒಪ್ಪಂದಕ್ಕೆ ಸಹಿ ಹಾಕುತ್ತಿದ್ದವನು ಜಮೀನಿನ ಒಡೆಯ. ದಕ್ಷಿಣದ ಹತ್ತಿ ಸೀಮೆಯಲ್ಲಿ ಉಳುತ್ತಿದ್ದವರಲ್ಲಿ ಬಹಳಷ್ಟು ಜನ ಗೇಣಿಗೆ, ಪಾಲಿಗೆ ಮಾಡುವ ಬಡವರು. ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು. ನೆರವಿನಲ್ಲಿ ಅವರಿಗೂ ಪಾಲಿತ್ತು, ಆದರೆ ಹಂಚುವ ಕೈ ಒಡೆಯನದು. ಬೀಳು ಬಿಟ್ಟ ನೆಲಕ್ಕೂ ಹಣ ಬರುವಾಗ ಅದರ ಮೇಲೆ ಒಂದು ಸಂಸಾರವನ್ನು ಸಾಕುವುದೇಕೆ? ಎಷ್ಟೋ ಕಡೆ ಟ್ರ್ಯಾಕ್ಟರ್ ಬಂತು, ಗುಡಿಸಲು ಖಾಲಿಯಾಯಿತು. ಗೇಣಿದಾರರ ಸಂಖ್ಯೆಯನ್ನು ‘ಸಾಧ್ಯವಾದಷ್ಟು ಮಟ್ಟಿಗೆ’ ಉಳಿಸಿಕೊಳ್ಳಬೇಕೆಂಬ ಷರತ್ತು ಇತ್ತು. ಅದರಲ್ಲಿ ಎಷ್ಟು ದೊಡ್ಡ ಬಾಗಿಲಿದೆಯೆಂದು ಓದಿದವರಿಗೆ ಹೇಳಬೇಕಿಲ್ಲ. 1934ರ ಜುಲೈನಲ್ಲಿ ಅರ್ಕಾನ್ಸಾಸ್‌ನ ಗೇಣಿದಾರರು, ಕಪ್ಪು ಬಿಳಿ ಎನ್ನದೆ, ಒಂದೇ ಸಂಘ ಕಟ್ಟಿದರು. ಇದ್ದ ಗೇಣಿದಾರರನ್ನೇ ಮುಂದುವರಿಸಬೇಕೆಂದು ಆ ಷರತ್ತಿಗೆ ಅರ್ಥ ಹೇಳಿದ ಸರ್ಕಾರಿ ವಕೀಲರು 1935ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡರು.

1936ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ರದ್ದು ಮಾಡಿತು. 1938ರಲ್ಲಿ ಹೊಸ ಕಾಯ್ದೆ ಬಂತು. ಹೆಚ್ಚು ನೆಲವಿದ್ದವನಿಗೆ ಹೆಚ್ಚು ನೆರವೆಂಬ ಲೆಕ್ಕ ಕದಲಲಿಲ್ಲ. 1935ರಲ್ಲಿ 68 ಲಕ್ಷವಿದ್ದ ಅಮೆರಿಕದ ಹಿಡುವಳಿಗಳು 2022ರ ಗಣತಿಯಲ್ಲಿ ಸುಮಾರು 19 ಲಕ್ಷ. ಯಂತ್ರಗಳು, ನಗರದ ಕೂಲಿ, ಸಾಲ ಎಲ್ಲವೂ ಇದರಲ್ಲಿ ಕೈಯಾಡಿಸಿವೆ. ನೆರವು ಈ ಇಳಿತಕ್ಕೆ ತಡೆಯೊಡ್ಡಲಿಲ್ಲವೆಂಬುದಂತೂ ನಿಜ.

ಯುರೋಪ್ 1962ರಿಂದ ಖಾತರಿ ಬೆಲೆ ಕೊಟ್ಟು ಗೋದಾಮುಗಳಲ್ಲಿ ಬೆಣ್ಣೆಯ ಬೆಟ್ಟ ಕಟ್ಟಿಕೊಂಡಿತು. 1992ರ ನಂತರ ಬೆಲೆ ಬಿಟ್ಟು ಹೆಕ್ಟೇರ್ ಲೆಕ್ಕಕ್ಕೆ ಬಂತು. ಸುಮಾರು ಶೇ 80ರಷ್ಟು ನೇರ ಪಾವತಿ ಶೇ 20ರಷ್ಟು ಫಲಾನುಭವಿಗಳಿಗೆ ಸೇರುತ್ತದೆಂಬ ಮಾತು ಆಮೇಲೆ ಅಲ್ಲಿ ಗಾದೆಯಂತಾಯಿತು. ನೆರವು ನೆಲಕ್ಕೆ ಅಂಟಿಕೊಂಡರೆ ಅದರ ಒಂದಂಶ ಗೇಣಿಯಲ್ಲೂ ಭೂಮಿಯ ಬೆಲೆಯಲ್ಲೂ ಕರಗುತ್ತದೆ. ಹೊಸದಾಗಿ ಬೇಸಾಯಕ್ಕೆ ಇಳಿಯುವವನು ಆ ದುಬಾರಿ ಬೆಲೆ ತೆರಬೇಕು.

ದೊಡ್ಡ ಹಿಡುವಳಿಯೇ ದಕ್ಷ, ನೆರವು ಅತ್ತ ಹೋದರೆ ತಪ್ಪೇನು ಎನ್ನುವವರಿದ್ದಾರೆ. ಯಂತ್ರದ ಖರ್ಚು, ಸಾಲ, ಮಾರುಕಟ್ಟೆಯ ಚೌಕಾಸಿಯಲ್ಲಿ ಅವರ ಮಾತು ನಿಲ್ಲುತ್ತದೆ. ಎಕರೆವಾರು ಇಳುವರಿಯಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ: ಭಾರತದ ಕೃಷಿ ಸಮೀಕ್ಷೆಗಳಲ್ಲಿ ಹಿಡುವಳಿ ಹಿಗ್ಗಿದಂತೆ ಎಕರೆಯ ಉತ್ಪನ್ನ ಕುಗ್ಗುವುದನ್ನು ಅಮರ್ತ್ಯ ಸೇನ್ 1962ರಲ್ಲೇ ಎತ್ತಿ ತೋರಿಸಿದ್ದರು. ಅದು ಎಲ್ಲ ಕಾಲಕ್ಕೂ ನಿಜವೇ ಎಂಬ ಚರ್ಚೆ ಇನ್ನೂ ನಡೆದಿದೆ.

ಮಿತಿ ಹಾಕುವ ಯತ್ನಗಳೂ ನಡೆದವು. 1970ರಲ್ಲಿ ಅಮೆರಿಕ ಒಬ್ಬ ವ್ಯಕ್ತಿಗೆ ಬೆಳೆಯೊಂದಕ್ಕೆ 55,000 ಡಾಲರ್ ಮಿತಿ ಹಾಕಿತು. ಹೊಲ ಅಷ್ಟೇ ಇತ್ತು, ಕಾಗದದ ಮೇಲೆ ‘ವ್ಯಕ್ತಿ’ಗಳು ಹೆಚ್ಚಿದರು. 2019ರಲ್ಲಿ ಭಾರತ ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ನಿಧಿಯನ್ನು 2 ಹೆಕ್ಟೇರ್‌ವರೆಗಿನ ಕುಟುಂಬಗಳಿಗೆಂದು ಆರಂಭಿಸಿ, ಕೆಲವೇ ತಿಂಗಳಲ್ಲಿ ಆ ಮಿತಿಯನ್ನು ತೆಗೆಯಿತು. ಭೂದಾಖಲೆಯಲ್ಲಿ ಹೆಸರಿಲ್ಲದ ಗೇಣಿ ರೈತರು ಮಿತಿಯಿದ್ದಾಗಲೂ ಪಟ್ಟಿಯಲ್ಲಿರಲಿಲ್ಲ, ಅದನ್ನು ತೆಗೆದ ಮೇಲೂ ಸೇರಲಿಲ್ಲ.