ಹಿಮದೊಳಗಿನ ಸೀಸ ರೋಮಿನ ಆದಾಯದ ಲೆಕ್ಕವಲ್ಲ

ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲಿ ದೊರೆತ ರೋಮನ್ ಕಾಲದ ಸೀಸದ ಪ್ರಮಾಣದ ರೇಖಾಚಿತ್ರವನ್ನು ಉಪನ್ಯಾಸದಲ್ಲಿ ತೋರಿಸಿದಾಗಲೆಲ್ಲ ಸಭಿಕರು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ರೋಮ್ ಬಡವಾದದ್ದು ಯಾವ ವರ್ಷ? ರೇಖೆ ಏರಿದರೆ ಸಮೃದ್ಧಿ, ಇಳಿದರೆ ಪತನ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಪತ್ರಕರ್ತರಷ್ಟೇ ಅಲ್ಲ, ಅರ್ಥಶಾಸ್ತ್ರ ಬಲ್ಲವರೂ ಹೀಗೆಯೇ ಓದುವುದನ್ನು ಕಂಡಾಗ ಬೇಸರವಾಗುತ್ತದೆ.

ಆ ಸೀಸ ಎಲ್ಲಿಂದ ಬಂತೆಂಬುದನ್ನು ಮರೆಯದಿದ್ದರೆ ಗೊಂದಲ ಬಹುಪಾಲು ತೀರುತ್ತದೆ. ಪ್ರಾಚೀನರು ಬೆಳ್ಳಿಯನ್ನು ಹೆಚ್ಚಾಗಿ ಸೀಸದ ಅದಿರಿನಿಂದಲೇ ತೆಗೆಯುತ್ತಿದ್ದರು. ಅದಿರಿನಿಂದ ಬಂದ ಸೀಸವನ್ನು ಮತ್ತೆ ಕಾಯಿಸಿ ಗಾಳಿಯೂದಿದಾಗ ಅದು ಆಕ್ಸೈಡ್ ಆಗಿ ಬೇರ್ಪಟ್ಟು, ಮೂಸೆಯ ತಳದಲ್ಲಿ ಬೆಳ್ಳಿಯ ಗುಂಡು ಉಳಿಯುತ್ತಿತ್ತು. ಹೊಗೆಯೊಡನೆ ಹಾರಿದ ಸೂಕ್ಷ್ಮ ಕಣಗಳಲ್ಲಿ ಕೆಲವು ಉತ್ತರಕ್ಕೆ ಸಾಗಿ ಹಿಮದ ಪದರಗಳನ್ನು ಸೇರಿದವು. ಕ್ರಿ.ಪೂ. 500ರಿಂದ ಕ್ರಿ.ಶ. 300ರವರೆಗಿನ ಹಿಮದಲ್ಲಿ ಸೀಸವು ಸಹಜ ಮಟ್ಟದ ಸುಮಾರು ನಾಲ್ಕು ಪಟ್ಟು ಇತ್ತೆಂದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾಲ್ಕು ಪಟ್ಟು ಎಂದರೂ ಅಳತೆ ನಡೆಯುವುದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಆದ್ದರಿಂದಲೇ ಕೊರೆದು ತೆಗೆದ ಹಿಮದ ಕಂಬವನ್ನು ಬಿಸಿ ತಟ್ಟೆಯ ಮೇಲೆ ನಿಲ್ಲಿಸಿ ಕರಗಿಸುವಾಗ, ಕೊರೆಯುವ ಯಂತ್ರವೂ ಕೈಗಳೂ ಸೋಕಿದ ಹೊರಭಾಗದ ನೀರನ್ನು ಬೇರೆ ಹರಿಸಿ, ನಡುವಿನ ನೀರನ್ನಷ್ಟೇ ಉಪಕರಣಕ್ಕೆ ಬಿಡುತ್ತಾರೆ.

ಹೀಗಾಗಿ ಹಿಮದಲ್ಲಿ ದಾಖಲಾಗಿರುವುದು ಕುಲುಮೆಗಳ ಹೊಗೆ ಮಾತ್ರ. ಗೋಧಿ ಬೆಳೆದವನೂ, ಬಟ್ಟೆ ನೇಯ್ದವಳೂ, ಎಣ್ಣೆ ಮಾರಿದವನೂ ಆ ರೇಖೆಯಲ್ಲಿಲ್ಲ. ಹಳೆಯ ಬೆಳ್ಳಿಯನ್ನೇ ಕರಗಿಸಿ ನಾಣ್ಯ ಹೊಡೆದರೆ ಗಣಿಯ ಅದಿರಿನಷ್ಟು ಸೀಸ ಗಾಳಿಗೆ ಸೇರುವುದಿಲ್ಲ. ಗಾಳಿಯ ದಿಕ್ಕು ಬದಲಾದರೂ ರೇಖೆ ಅಲುಗಾಡಬಹುದು. ವರ್ಷವರ್ಷದ ಏರಿಳಿತವನ್ನು ಹಿಡಿದ 2018ರ ಅಧ್ಯಯನದಲ್ಲಿ, ರೋಮನ್ ಸಾಮ್ರಾಜ್ಯವನ್ನು ಕಾಡಿದ ಆಂಟೊನೈನ್ ಪಿಡುಗೆಂಬ ಸಾಂಕ್ರಾಮಿಕ ರೋಗ ಹಬ್ಬತೊಡಗಿದ ಕ್ರಿ.ಶ. 165ರ ಸುಮಾರಿಗೆ ಸೀಸ ಥಟ್ಟನೆ ಕುಸಿದು ಶತಮಾನಗಳ ಕಾಲ ಮೇಲೇಳಲಿಲ್ಲ. ಪಿಡುಗಿನಿಂದ ಗಣಿಯಾಳುಗಳು ಸತ್ತಿರಬಹುದು. ಆದರೆ ಮುಂದಿನ ದಶಕದಲ್ಲೇ ರೋಮಿನ ಗಣಿಗಳ ನಾಡಾದ ದಕ್ಷಿಣ ಸ್ಪೇನಿನ ಮೇಲೆ ಉತ್ತರ ಆಫ್ರಿಕದಿಂದ ದಾಳಿಗಳೂ ನಡೆದವು, ಸುಲಭಕ್ಕೆ ಸಿಗುವ ಅದಿರು ತೀರುತ್ತ ಬಂದಿದ್ದರೂ ಅಚ್ಚರಿಯಿಲ್ಲ. ಆ ಶತಮಾನದ ಕೊನೆಗೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ದಿನಾರಿಯಸ್ ಎಂಬ ರೋಮನ್ ನಾಣ್ಯದ ಬೆಳ್ಳಿಯನ್ನು ಸರಿಸುಮಾರು ಅರ್ಧಕ್ಕೆ ಇಳಿಸಿದ್ದನ್ನೂ ಸೇರಿಸಿ ನೋಡಿದರೆ, ಹೊಸ ಬೆಳ್ಳಿಗೆ ಕೊರತೆ ಬಿದ್ದಿತ್ತೆಂದು ಎಚ್ಚರದಿಂದ ಹೇಳಬಹುದು. ರೋಮಿನ ಆಳ್ವಿಕೆಯಲ್ಲಿದ್ದ ಈಜಿಪ್ಟಿನ ರೈತ ಹಸಿದಿದ್ದನೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಸ್ವೀಡನ್ನಿನ ಕೆರೆಗಳ ಹೂಳಿನಲ್ಲೂ ರೋಮನ್ ಕಾಲದ ಸೀಸದ ಏರಿಕೆ ಕಾಣುವುದರಿಂದ ಹಿಮದ ಸಾಕ್ಷ್ಯವನ್ನು ನಂಬಲು ನನಗೆ ಅಳುಕಿಲ್ಲ. ಆದರೆ ಹೂಳನ್ನು ಹುಳುಗಳು ಕಲಕುತ್ತವೆ, ಅದರ ಕಾಲನಿರ್ಣಯ ಹಲವೊಮ್ಮೆ ದಶಕಗಳಷ್ಟು ಆಚೀಚೆಯಾಗುತ್ತದೆ; ಪಿಡುಗು ಶುರುವಾದ ವರ್ಷವನ್ನು ಅಲ್ಲಿ ಹುಡುಕಬಾರದು.

ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಅಂಥ ಬೆಳ್ಳಿ ತಯಾರಾದಾಗ ಎದ್ದ ಹೊಗೆಯ ಗುರುತು ಹಿಮದಲ್ಲಿರುವುದು ಸಾಧ್ಯ. ಆದರೆ ರೋಮನ್ನರ ಚಿನ್ನ ಬೆಳ್ಳಿಯನ್ನು ದಕ್ಷಿಣ ಭಾರತಕ್ಕೆ ಸೆಳೆದ ಕರಿಮೆಣಸಿನ ವ್ಯಾಪಾರ ಎಷ್ಟು ದೊಡ್ಡದಿತ್ತೆಂದು ತಿಳಿಯಲು ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನಂಥ ತಾಣಗಳಿಗೇ ಹೋಗಬೇಕು. ಅಲ್ಲಿನ ದೇವಾಲಯವೊಂದರ ಅಂಗಳದಲ್ಲಿ ಭಾರತದ ಮಣ್ಣಿನ ಹರವಿಯೊಳಗೆ ಏಳು ಕಿಲೋಗೂ ಹೆಚ್ಚು ಮೆಣಸು ಹಾಗೆಯೇ ಉಳಿದಿತ್ತು.